ಮೊಲಗಳು ಕಣ್ತೆರೆದ ಕಾಲು ಗಂಟೆ

1955ರ ಸುಮಾರಿಗೆ ಅಮೆರಿಕದ ಮಾನಸಿಕ ಆಸ್ಪತ್ರೆಗಳಲ್ಲಿ ನಮ್ಮ ಸರ್ಪಗಂಧಿಯ ಬೇರಿನಿಂದ ತೆಗೆದ ಮದ್ದಿಗೆ ಎಲ್ಲಿಲ್ಲದ ಬೇಡಿಕೆ. ಪಶ್ಚಿಮ ಘಟ್ಟದ ತಂಪು ಕಾಡುಗಳಲ್ಲೂ ಬೆಳೆಯುವ ಪುಟ್ಟ ಗಿಡ ಇದು. ಗೆಣ್ಣಿಗೆ ಮೂರರಂತೆ ಸುತ್ತಲೂ ಎಲೆ, ಕೆಂಪು ತೊಟ್ಟಿನ ಮೇಲೆ ಬಿಳಿ ಹೂವು, ಮಾಗಿದಾಗ ಕಪ್ಪಾಗುವ ಹಣ್ಣು. ಬೇರು ಮಾತ್ರ ವಿಪರೀತ ಕಹಿ. ಹಾವು ಕಚ್ಚಿದವರಿಗೆ, ನಿದ್ದೆ ಬಾರದವರಿಗೆ, ಹುಚ್ಚು ಕೆರಳಿದವರಿಗೆ ನಾಟಿ ವೈದ್ಯರು ಅದನ್ನು ತಲೆಮಾರುಗಳಿಂದ ಅರೆದು ಕೊಡುತ್ತ ಬಂದಿದ್ದರು. ಗಣನಾಥ ಸೇನ್ ಮತ್ತು ಕಾರ್ತಿಕ್ ಚಂದ್ರ ಬೋಸ್ 1931ರಲ್ಲೇ ವೈದ್ಯಕೀಯ ಪತ್ರಿಕೆಯೊಂದರಲ್ಲಿ ಇದರ ಗುಣವನ್ನು ಬರೆದರು. ಮುಂಬೈಯ ಹೃದ್ರೋಗ ತಜ್ಞ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಬ್ರಿಟನ್ನಿನ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವಂತೂ ರಕ್ತದೊತ್ತಡಕ್ಕೆ ಈ ಬೇರು ಮದ್ದಾಗುತ್ತದೆಂಬುದನ್ನು ಪಶ್ಚಿಮದ ವೈದ್ಯರ ಕಣ್ಣಿಗೆ ತಂದಿತು. ಸ್ವಿಟ್ಜರ್ಲೆಂಡಿನ ಸೀಬಾ ಕಂಪನಿಯ ರಸಾಯನಶಾಸ್ತ್ರಜ್ಞರು 1952ರಲ್ಲಿ ಬೇರಿನ ಮುಖ್ಯ ಸತ್ವವನ್ನು ಬೇರ್ಪಡಿಸಿ ರಿಸರ್ಪೈನ್ ಎಂದು ಹೆಸರಿಟ್ಟರು.

ರಿಸರ್ಪೈನ್ ಕೊಟ್ಟರೆ ಕಿರುಚಾಡುತ್ತಿದ್ದ ರೋಗಿ ಸುಮ್ಮನಾಗುತ್ತಿದ್ದ. ಆದರೆ ಕೆಲವರು ಅತಿಯಾಗಿ ಸುಮ್ಮನಾದರು. ಮುಖದಲ್ಲಿ ಭಾವ ಕಾಣದು, ಕೈಕಾಲು ಬಿಗಿ, ನಡಿಗೆ ನಿಧಾನ, ಬೆರಳುಗಳಲ್ಲಿ ನಡುಕ. ವೈದ್ಯರಿಗೆ ಇದು ಪರಿಚಿತ ಚಿತ್ರವೇ. 1817ರಲ್ಲಿ ಲಂಡನ್ನಿನ ಜೇಮ್ಸ್ ಪಾರ್ಕಿನ್ಸನ್ ವಿವರಿಸಿದ ರೋಗ, ನಮ್ಮ ಆಯುರ್ವೇದದವರು ಕಂಪವಾತ ಎನ್ನುವ ರೋಗ. ಮಾತ್ರೆ ನಿಲ್ಲಿಸಿದರೆ ಈ ಲಕ್ಷಣಗಳೂ ಇಳಿಯುತ್ತಿದ್ದವು. ಬಹಳಷ್ಟು ವೈದ್ಯರಿಗೆ ಇದು ಮದ್ದಿನ ಅಡ್ಡಪರಿಣಾಮ, ಅಷ್ಟೆ. ಗಿಡದ ಸತ್ವವೊಂದು ಗಟ್ಟಿಮುಟ್ಟಾದ ಮನುಷ್ಯನನ್ನು ಕೆಲವು ದಿನಗಳಲ್ಲಿ ಕಂಪವಾತದ ರೋಗಿಯಂತೆ ಮಾಡಿ, ಮತ್ತೆ ಮೊದಲಿನಂತೆ ಬಿಟ್ಟುಕೊಡುವುದಾದರೆ ಮಿದುಳಿನೊಳಗೆ ಅದು ಮುಟ್ಟಿದ್ದಾದರೂ ಏನನ್ನು? ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ ಹಿಡಿದುಕೊಂಡದ್ದು ಈ ಪ್ರಶ್ನೆಯನ್ನು.

ಕಾರ್ಲ್‌ಸನ್ ಹುಟ್ಟಿದ್ದು 1923ರಲ್ಲಿ, ಉಪ್ಸಾಲಾದಲ್ಲಿ. ಬೆಳೆದದ್ದು, ವೈದ್ಯಕೀಯ ಓದಿದ್ದು ಲುಂಡ್‌ನಲ್ಲಿ. ತಂದೆ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಇತಿಹಾಸದ ಪ್ರಾಧ್ಯಾಪಕರು. ಮಗ ಮೊದಲು ಹಿಡಿದ ವಿಷಯ ದೇಹದಲ್ಲಿ ಕ್ಯಾಲ್ಸಿಯಂ ಹೇಗೆ ಓಡಾಡುತ್ತದೆ ಎಂಬುದು. ಒಳ್ಳೆಯ ಕೆಲಸವನ್ನೇ ಮಾಡಿದ್ದರು. ಆದರೂ ಹುದ್ದೆಯೊಂದಕ್ಕೆ ಅರ್ಜಿ ಹಾಕಿದಾಗ, ಔಷಧಶಾಸ್ತ್ರದಲ್ಲಿ ಕ್ಯಾಲ್ಸಿಯಂಗೆ ಈಗ ಅಂಥ ಮಹತ್ವವಿಲ್ಲ ಎಂಬ ಅಭಿಪ್ರಾಯ ಆಯ್ಕೆ ಸಮಿತಿಯಿಂದ ಬಂತು. ಮೂವತ್ತು ದಾಟಿದ ವಯಸ್ಸಿನಲ್ಲಿ ಅವರು ವಿಷಯ ಬದಲಿಸಿದರು. 1955ರಲ್ಲಿ ಐದು ತಿಂಗಳ ಮಟ್ಟಿಗೆ ಅಮೆರಿಕದ ಬೆತೆಸ್ಡಾದಲ್ಲಿ ಬರ್ನಾರ್ಡ್ ಬ್ರೋಡಿಯ ಪ್ರಯೋಗಾಲಯ ಸೇರಿದರು.

ಅಲ್ಲಿ ಆಗಷ್ಟೇ ಹೊಸ ಉಪಕರಣವೊಂದು ಬಂದಿತ್ತು. ನೇರಳಾತೀತ ಬೆಳಕು ಹಾಯಿಸಿದಾಗ ದ್ರಾವಣ ಸೂಸುವ ಮಂದ ಹೊಳಪನ್ನು ಅಳೆದು, ಅದರಲ್ಲಿ ಯಾವ ವಸ್ತು ಎಷ್ಟು ಸೂಕ್ಷ್ಮ ಪ್ರಮಾಣದಲ್ಲಿದೆ ಎಂದು ಹೇಳುವ ಯಂತ್ರ. ಅದರ ನೆರವಿನಿಂದ ಬ್ರೋಡಿಯ ತಂಡ ಮಹತ್ವದ್ದೊಂದನ್ನು ಕಂಡಿತ್ತು: ರಿಸರ್ಪೈನ್ ಕೊಟ್ಟ ಪ್ರಾಣಿಗಳ ಮಿದುಳಿನಲ್ಲಿ ಸೆರೊಟೋನಿನ್ ಎಂಬ ರಾಸಾಯನಿಕ ಹೆಚ್ಚುಕಡಿಮೆ ಬರಿದಾಗುತ್ತದೆ. ಅಂಥದೇ ಬೇರೆ ರಾಸಾಯನಿಕಗಳಿಗೆ ಏನಾಗುತ್ತದೆಂದೂ ನೋಡೋಣ ಎಂದು ಕಾರ್ಲ್‌ಸನ್ ಸೂಚಿಸಿದರು. ಬ್ರೋಡಿಗೆ ಆಸಕ್ತಿ ಹುಟ್ಟಲಿಲ್ಲ. ಊರಿಗೆ ಮರಳಿದ ಕಾರ್ಲ್‌ಸನ್, ಲುಂಡ್‌ನ ನಿಲ್ಸ್-ಓಕೆ ಹಿಲಾರ್ಪ್ ಜೊತೆಗೂಡಿ ತಾವೇ ನೋಡಿದರು. ನೊರಾಡ್ರಿನಲಿನ್ ಎಂಬ ಇನ್ನೊಂದು ರಾಸಾಯನಿಕವೂ ಬರಿದಾಗಿತ್ತು.

ಇಲ್ಲಿ ಸ್ವಲ್ಪ ನಿಂತು ಮಿದುಳಿನೊಳಗಿನ ಮಾತುಕತೆಯನ್ನು ನೋಡಬೇಕು. ನಮ್ಮ ತಲೆಯಲ್ಲಿ ಸುಮಾರು 8,600 ಕೋಟಿ ನರಕೋಶಗಳಿವೆ. ಒಂದು ಇನ್ನೊಂದಕ್ಕೆ ಸುದ್ದಿ ಮುಟ್ಟಿಸುವ ಕಡೆಗಳಲ್ಲಿ ನಡುವೆ ಒಂದು ಸಂದು ಇರುತ್ತದೆ. ಅದರ ಅಗಲ ಮಿಲಿಮೀಟರಿನ 50 ಸಾವಿರದಲ್ಲಿ ಒಂದು ಪಾಲಿನಷ್ಟು. ಕೋಶದ ಉದ್ದಕ್ಕೂ ವಿದ್ಯುತ್ತಾಗಿ ಓಡಿ ಬಂದ ಸುದ್ದಿ ಈ ಸಂದಿನ ಅಂಚಿನಲ್ಲಿ ಹೇಗೆ ದಾಟುತ್ತದೆ ಎಂಬುದರ ಬಗ್ಗೆ ಇಪ್ಪತ್ತನೇ ಶತಮಾನದ ಮೊದಲರ್ಧದಲ್ಲಿ ದೊಡ್ಡ ಜಗಳವೇ ನಡೆದಿತ್ತು. ಒಟ್ಟೋ ಲೊಯೆವಿ 1921ರಲ್ಲಿ ಕಪ್ಪೆಯ ಹೃದಯದ ನರವನ್ನು ಕೆರಳಿಸಿ, ಅದರ ಸುತ್ತಲಿನ ದ್ರವವನ್ನು ಇನ್ನೊಂದು ಹೃದಯಕ್ಕೆ ಹಾಕಿದಾಗ ಅದರ ಬಡಿತವೂ ನಿಧಾನವಾಯಿತು. ಅಂದರೆ ನರದ ಮಾತು ರಾಸಾಯನಿಕವಾಗಿ ಹೊರಬಿದ್ದಿತ್ತು. ಇದಕ್ಕಾಗಿ ಅವರಿಗೂ ಬ್ರಿಟನ್ನಿನ ಹೆನ್ರಿ ಡೇಲ್ ಅವರಿಗೂ 1936ರಲ್ಲಿ ನೊಬೆಲ್ ಬಂತು. ಆದರೆ ಹೃದಯ, ಸ್ನಾಯುಗಳಿಗೆ ಒಪ್ಪಿದ ಈ ಮಾತನ್ನು ಮಿದುಳಿಗೆ ಒಪ್ಪಲು ಬಹುತೇಕರು ತಯಾರಿರಲಿಲ್ಲ. ಅಷ್ಟು ಚುರುಕಿನ ಅಂಗ ರಸಗಳನ್ನು ನೆಚ್ಚಿಕೊಂಡು ನಡೆಯಲು ಸಾಧ್ಯವೇ, ವಿದ್ಯುತ್ತೇ ಇರಬೇಕು ಎಂಬುದು ಅವರ ತರ್ಕ.

ಈಗ ಲುಂಡ್‌ಗೆ, ಕಾರ್ಲ್‌ಸನ್ ಪ್ರಯೋಗಕ್ಕೆ ಬಳಸಿದ ಮೊಲಗಳ ಬಳಿಗೆ ಬರೋಣ. ರಿಸರ್ಪೈನ್ ಚುಚ್ಚಿದ ಮೊಲಗಳು ಕಿವಿ ಇಳಿಬಿಟ್ಟು, ಕಣ್ಣು ಅರೆಮುಚ್ಚಿ, ಇಟ್ಟ ಕಡೆಯೇ ಕುಳಿತಿದ್ದವು. ನೊರಾಡ್ರಿನಲಿನ್ ಖಾಲಿಯಾದದ್ದೇ ಇದಕ್ಕೆ ಕಾರಣವಾದರೆ ಅದನ್ನು ತುಂಬಿಕೊಟ್ಟು ನೋಡಬೇಕು. ಆದರೆ ಅದನ್ನು ನೇರವಾಗಿ ಕೊಟ್ಟರೆ ರಕ್ತದಿಂದ ಮಿದುಳಿಗೆ ದಾಟುವುದಿಲ್ಲ, ನಡುವಿನ ತಡೆ ಅದನ್ನು ಬಿಡದು. ಅದರ ಮೂಲವಸ್ತುವಾದ ಡೋಪಾ ಮಾತ್ರ ದಾಟುತ್ತದೆ. ಕಾರ್ಲ್‌ಸನ್, ಮಾರ್ಗಿಟ್ ಲಿಂಡ್‌ಕ್ವಿಸ್ಟ್ ಮತ್ತು ಟೋರ್ ಮ್ಯಾಗ್ನುಸನ್ ಆ ಡೋಪಾವನ್ನು ಮೊಲಗಳ ರಕ್ತಕ್ಕೆ ಸೇರಿಸಿದರು. ಸುಮಾರು ಕಾಲು ಗಂಟೆಯಲ್ಲಿ ಕಿವಿಗಳು ನೆಟ್ಟಗಾದವು. ಮೊಲಗಳು ಕಣ್ತೆರೆದು ಓಡಾಡತೊಡಗಿದವು. ಮೊದಲಿನ ಮತ್ತು ಅನಂತರದ ಆ ಎರಡು ಛಾಯಾಚಿತ್ರಗಳು ನರವಿಜ್ಞಾನದ ಪಾಠಗಳಲ್ಲಿ ಇಂದಿಗೂ ಇವೆ. ಮದ್ದಿನ ಪರಿಣಾಮ ಇಳಿದಂತೆ ಅವು ಮತ್ತೆ ಜೋತುಬಿದ್ದವು ಎಂಬುದನ್ನೂ ಮರೆಯಬಾರದು.

ಅಚ್ಚರಿ ಕಾದಿದ್ದದ್ದು ಅಳತೆಯಲ್ಲಿ. ಎಚ್ಚೆತ್ತ ಮೊಲಗಳ ಮಿದುಳನ್ನು ಪರೀಕ್ಷಿಸಿದರೆ ನೊರಾಡ್ರಿನಲಿನ್ ಇನ್ನೂ ಖಾಲಿಯೇ! ಹಾಗಾದರೆ ಅವನ್ನು ಎಬ್ಬಿಸಿದ್ದು ಯಾರು? ಡೋಪಾ ನೊರಾಡ್ರಿನಲಿನ್ ಆಗುವ ದಾರಿಯಲ್ಲಿ ನಡುವೆ ಡೋಪಮೈನ್ ಎಂಬ ಹಂತವಿದೆ. ಅದುವರೆಗೆ ಅದು ಬರೀ ಹಾದುಹೋಗುವ ವಸ್ತು, ಸ್ವಂತ ಕೆಲಸವಿಲ್ಲದ್ದು ಎಂದೇ ಎಣಿಕೆ. ತಂಡ ಅದನ್ನು ಅಳೆಯುವ ವಿಧಾನವನ್ನು ತಾನೇ ರೂಪಿಸಿತು. ಮಿದುಳಿನಲ್ಲಿ ಡೋಪಮೈನ್ ಸಹಜವಾಗಿಯೇ ಇದೆ, ಅದೂ ನೊರಾಡ್ರಿನಲಿನ್‌ಗೆ ಸರಿಸಮವಾಗಿ. ರಿಸರ್ಪೈನ್ ಕೊಟ್ಟರೆ ಅದು ಮಾಯವಾಗುತ್ತದೆ, ಡೋಪಾ ಕೊಟ್ಟರೆ ಮರಳುತ್ತದೆ, ಅದು ಮರಳಿದಾಗಲೇ ಮೊಲ ಏಳುತ್ತದೆ. 1957 ಮತ್ತು 1958ರ ಎರಡು ಪುಟ್ಟ ಪ್ರಬಂಧಗಳಲ್ಲಿ ಇಷ್ಟೂ ಬಂತು. ಡೋಪಮೈನ್ ಮಿದುಳಿನಲ್ಲಿದೆ ಎಂದು ಬ್ರಿಟನ್ನಿನಲ್ಲಿ ಕ್ಯಾಥ್ಲೀನ್ ಮೊಂಟಾಗು ಅವರೂ 1957ರಲ್ಲೇ ಗುರುತಿಸಿದ್ದರು. ಆದರೆ ಇರುವುದನ್ನು ತೋರಿಸುವುದು ಒಂದು, ಅದರ ಕೆಲಸವನ್ನು ತೋರಿಸುವುದು ಇನ್ನೊಂದು. ಬಳಿಕ ಲುಂಡ್‌ನ ಬರ್ಟ್ಲರ್ ಮತ್ತು ರೋಸೆನ್‌ಗ್ರೆನ್, ಈ ರಾಸಾಯನಿಕದ ಬಹುಪಾಲು ಮಿದುಳಿನ ಆಳದ ಸ್ಟ್ರಯೇಟಂ ಭಾಗದಲ್ಲಿ ಶೇಖರವಾಗಿರುವುದನ್ನು ಕಂಡರು. ದೇಹದ ಚಲನೆಯನ್ನು ತಿದ್ದುವ ಭಾಗ ಅದು. ಕಂಪವಾತಕ್ಕೂ ಡೋಪಮೈನ್‌ಗೂ ಸಂಬಂಧವಿರಬೇಕೆಂದು ಕಾರ್ಲ್‌ಸನ್ ಆಗಲೇ ಹೇಳಿದರು.

ನನಗೆ ಕಾರ್ಲ್‌ಸನ್ ದೊಡ್ಡವರೆನಿಸುವುದು ಈ ಕಾರಣಕ್ಕೆ. ಔಷಧಿಯನ್ನು ಅವರು ಬರೀ ರೋಗ ನೀಗುವ ವಸ್ತುವಾಗಿ ಕಾಣಲಿಲ್ಲ, ಮಿದುಳಿಗೆ ಪ್ರಶ್ನೆ ಕೇಳುವ ಸಾಧನವಾಗಿ ಕಂಡರು. ಒಂದು ಮದ್ದು ಎಲ್ಲಿ ಕೆಡಿಸುತ್ತದೋ ಅಲ್ಲೇ ಮಿದುಳಿನ ವ್ಯವಸ್ಥೆಯ ಗುಟ್ಟು ಹೊರಬೀಳುತ್ತದೆ. ನರಕೋಶದ ತುದಿಯಲ್ಲಿ ರಾಸಾಯನಿಕವನ್ನು ಕೂಡಿಡುವ ಸೂಕ್ಷ್ಮ ಚೀಲಗಳಿರುತ್ತವೆ. ರಿಸರ್ಪೈನ್ ಆ ಚೀಲಗಳು ತುಂಬಿಕೊಳ್ಳದಂತೆ ತಡೆಯುತ್ತದೆ. ಹೊರಗೆ ಉಳಿದ ಡೋಪಮೈನನ್ನು ಕೋಶದೊಳಗಿನ ಕಿಣ್ವ ಒಡೆದು ಹಾಕುತ್ತದೆ. ವಿದ್ಯುತ್ ಸುದ್ದಿ ಬಂದರೂ ಸಂದಿಗೆ ಸುರಿಯಲು ಚೀಲದಲ್ಲಿ ಏನೂ ಇರುವುದಿಲ್ಲ. ಗಿಡದ ಬೇರೊಂದು ಇಷ್ಟು ಕರಾರುವಾಕ್ಕಾಗಿ ಒಂದೇ ಕಡೆ ಕೈ ಹಾಕದೇ ಇದ್ದಿದ್ದರೆ, ಈ ಚೀಲಗಳ ಮಹತ್ವ ತಿಳಿಯಲು ಇನ್ನೆಷ್ಟು ಕಾಲ ಬೇಕಾಗುತ್ತಿತ್ತೋ.

1960ರ ಮಾರ್ಚ್‌ನಲ್ಲಿ ಲಂಡನ್ನಿನಲ್ಲಿ ಈ ವಿಷಯದ ದಿಗ್ಗಜರೆಲ್ಲ ಸೇರಿದ್ದರು. ಕಾರ್ಲ್‌ಸನ್ ತಮ್ಮ ಮೊಲಗಳ ಕಥೆ ಹೇಳಿದರು. ಸಭೆ ಒಪ್ಪಲಿಲ್ಲ. ರಾಸಾಯನಿಕಗಳ ಪರವಾಗಿ ದಶಕಗಳ ಕಾಲ ವಾದಿಸಿ ನೊಬೆಲ್ ಪಡೆದಿದ್ದ ಹೆನ್ರಿ ಡೇಲ್ ಅವರೇ, ಆಗ ಎಂಬತ್ತು ದಾಟಿದ್ದವರು, ಡೋಪಾ ಒಂದು ವಿಷವಸ್ತು ಇರಬೇಕೆಂದರು. ಸಭೆಯ ಕೊನೆಯಲ್ಲಿ ಮಾತಾಡಿದ ಜಾನ್ ಗ್ಯಾಡಮ್, ಈ ರಾಸಾಯನಿಕಗಳಿಗೂ ಮಿದುಳಿನ ಕೆಲಸಕ್ಕೂ ಇರುವ ನಂಟಿನ ಬಗ್ಗೆ ಊಹಿಸುವ ಸಾಹಸವನ್ನು ಯಾರೂ ಮಾಡಲಿಲ್ಲ ಎಂದು ಉಪಸಂಹಾರ ಮಾಡಿದರು. ಕಾರ್ಲ್‌ಸನ್ ಮಾಡಿದ್ದು ಅದನ್ನೇ. ಅವರ ಮಾತು ಯಾರ ಕಿವಿಗೂ ಬಿದ್ದಿರಲಿಲ್ಲ ಎನ್ನುವಂತಿತ್ತು.

ಅವರು ವಾದಕ್ಕೆ ಇಳಿಯುವ ಬದಲು ಕಣ್ಣಿಗೇ ತೋರಿಸುವ ದಾರಿ ಹುಡುಕಿದರು. ಇಲ್ಲಿ ನಿಜವಾದ ಶ್ರೇಯ ಹಿಲಾರ್ಪ್ ಮತ್ತು ಬೆಂಗ್ಟ್ ಫಾಲ್ಕ್ ಅವರದು. ಅಂಗಾಂಶವನ್ನು ತೆಳ್ಳಗೆ ಹರಡಿ ಒಣಗಿಸಿ, ಫಾರ್ಮಾಲ್ಡಿಹೈಡ್ ಆವಿಗೆ ಹಿಡಿದು ಸೂಕ್ಷ್ಮದರ್ಶಕದಡಿ ನೋಡಿದರೆ ಡೋಪಮೈನ್, ನೊರಾಡ್ರಿನಲಿನ್ ಇರುವ ಕಡೆ ಹಸಿರಾಗಿ, ಸೆರೊಟೋನಿನ್ ಇರುವ ಕಡೆ ಹಳದಿಯಾಗಿ ಹೊಳೆಯುತ್ತದೆ. ಮೊದಲು ಇಲಿಯ ಕಣ್ಣಿನ ಪಾಪೆಯ ಪದರದಲ್ಲಿ, ಬಳಿಕ ಮಿದುಳಿನಲ್ಲಿ ನೋಡಿದರು. ಹೊಳಪು ಎಲ್ಲೆಂದರಲ್ಲಿ ಹರಡಿರಲಿಲ್ಲ. ನರತಂತುಗಳ ಒಳಗೆ, ಅದರಲ್ಲೂ ಅವುಗಳ ತುದಿಯ ಉಬ್ಬುಗಳಲ್ಲಿ ಸಾಲಾಗಿ ಬೆಳಗುತ್ತಿತ್ತು. ಸುದ್ದಿ ದಾಟಿಸುವ ರಾಸಾಯನಿಕ ಎಲ್ಲಿರಬೇಕೋ ಅಲ್ಲೇ ಇತ್ತು. ಹಿಲಾರ್ಪ್ ಅವರ ಶಿಷ್ಯರಾದ ಅನ್ನಿಕಾ ಡಾಲ್‌ಸ್ಟ್ರಮ್ ಮತ್ತು ಶೆಲ್ ಫುಕ್ಸೆ 1964ರಲ್ಲಿ ಈ ಜಾಲದ ನಕ್ಷೆಯನ್ನೇ ಬರೆದರು. ಮರುವರ್ಷವೇ ಹಿಲಾರ್ಪ್ ತೀರಿಕೊಂಡರು. ಐವತ್ತು ಕೂಡ ತುಂಬಿರಲಿಲ್ಲ.

ಅಷ್ಟರಲ್ಲಿ ವಿಯೆನ್ನಾದಲ್ಲಿ ಇನ್ನೊಬ್ಬರು ಮೊಲದಿಂದ ಮನುಷ್ಯನ ಕಡೆಗೆ ಹೆಜ್ಜೆ ಇಟ್ಟಿದ್ದರು. ಓಲೆ ಹಾರ್ನಿಕೀವಿಚ್ ಅವರು ಸಹೋದ್ಯೋಗಿ ಎಹ್ರಿಂಗರ್ ಜೊತೆ, ಕಂಪವಾತದಿಂದ ಸತ್ತವರ ಮಿದುಳುಗಳನ್ನು ಸಂಗ್ರಹಿಸಿ ಸ್ಟ್ರಯೇಟಂ ಭಾಗವನ್ನು ಪರೀಕ್ಷಿಸಿದರು. ಡೋಪಮೈನ್ ಇದ್ದರೆ ಗುಲಾಬಿ ಬಣ್ಣ ಬರುವ ಸರಳ ರಾಸಾಯನಿಕ ಪರೀಕ್ಷೆ ಅದು. ಬೇರೆ ಕಾರಣದಿಂದ ಸತ್ತವರ ಮಾದರಿ ಗುಲಾಬಿಯಾಯಿತು. ಕಂಪವಾತದವರ ಮಾದರಿಗೆ ಬಣ್ಣ ಏರಲೇ ಇಲ್ಲ. ಯಂತ್ರವೂ ಬೇಡ, ಪ್ರನಾಳವನ್ನು ಬೆಳಕಿಗೆ ಹಿಡಿದರೆ ಸಾಕಿತ್ತು. 1960ರಲ್ಲಿ ಇದು ಪ್ರಕಟವಾಯಿತು. 1961ರ ಬೇಸಿಗೆಯಲ್ಲಿ ಅವರ ಒತ್ತಾಯಕ್ಕೆ ವೈದ್ಯ ವಾಲ್ಟರ್ ಬಿರ್ಕ್‌ಮೇಯರ್ ರೋಗಿಗಳಿಗೆ ಡೋಪಾದ ಸಕ್ರಿಯ ರೂಪವಾದ ಎಲ್-ಡೋಪಾ ಚುಚ್ಚಿದರು. ಹಾಸಿಗೆಯಲ್ಲಿ ಎದ್ದು ಕೂರಲಾಗದವರು ಎದ್ದರು, ನಿಲ್ಲಲಾರದವರು ನಡೆದರು. ಪರಿಣಾಮ ಕೆಲವು ಗಂಟೆ ಉಳಿಯಿತು.

ಆ ಕೆಲವು ಗಂಟೆಗಳನ್ನು ವರ್ಷಗಳಾಗಿಸಿದವರು ನ್ಯೂಯಾರ್ಕ್ ಬಳಿಯ ಬ್ರೂಕ್‌ಹೇವನ್‌ನ ಜಾರ್ಜ್ ಕಾಟ್ಜಿಯಾಸ್. ಒಮ್ಮೆಲೇ ಹೆಚ್ಚು ಕೊಟ್ಟರೆ ರೋಗಿ ವಾಂತಿ ಮಾಡುತ್ತಿದ್ದ. 1913ರಷ್ಟು ಹಿಂದೆಯೇ, ಅವರೆಯ ಜಾತಿಯ ಕಾಳೊಂದರಿಂದ ಎಲ್-ಡೋಪಾ ತೆಗೆದಿದ್ದ ಬಾಸೆಲ್‌ನ ಮಾರ್ಕಸ್ ಗುಗ್ಗೆನ್‌ಹೈಮ್ ತಾವೇ ಎರಡೂವರೆ ಗ್ರಾಂ ನುಂಗಿ ಇದನ್ನು ಅನುಭವಿಸಿದ್ದರು. ಕಾಟ್ಜಿಯಾಸ್ ಚಿಟಿಕೆಯಷ್ಟರಿಂದ ಶುರುಮಾಡಿ ವಾರಗಟ್ಟಲೆ ತಾಳ್ಮೆಯಿಂದ ಏರಿಸುತ್ತ ಹೋದರು. 1967ರಲ್ಲಿ ಅವರ ವರದಿ ಬಂದಾಗ ವೈದ್ಯಲೋಕ ನಂಬಿತು. ನುಂಗಿದ ಎಲ್-ಡೋಪಾದ ಬಹುಪಾಲು ಮಿದುಳು ತಲುಪುವ ಮೊದಲೇ ದೇಹದಲ್ಲಿ ಡೋಪಮೈನ್ ಆಗಿ ವ್ಯರ್ಥವಾಗುತ್ತದೆ, ವಾಂತಿಗೂ ಅದೇ ಕಾರಣ. ಇದನ್ನು ತಡೆಯುವ, ಆದರೆ ತಾನು ಮಿದುಳಿಗೆ ಹೋಗದ ಕಾರ್ಬಿಡೋಪಾವನ್ನು ಜೊತೆಗೆ ಸೇರಿಸಿದ ಮೇಲೆ ಸ್ವಲ್ಪ ಮದ್ದೇ ಸಾಕಾಯಿತು. ನಮ್ಮ ಔಷಧಿ ಅಂಗಡಿಗಳಲ್ಲಿ ಸಿಂಡೋಪಾ ಮುಂತಾದ ಹೆಸರಿನಲ್ಲಿ ಸಿಗುವ ಮಾತ್ರೆ ಈ ಜೋಡಿಯೇ. ಲಂಡನ್ನಿನ ಸಭೆ ತಳ್ಳಿಹಾಕಿದ ವಸ್ತು ಈಗ ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಿಗಳ ಪಟ್ಟಿಯಲ್ಲಿದೆ.

ಸರ್ಪಗಂಧಿ ಬರಿದು ಮಾಡುವುದನ್ನು ತುಂಬಿಕೊಡುವ ಗಿಡವೂ ನಮ್ಮಲ್ಲೇ ಇದೆ. ಬೇಲಿಗೆ ಹಬ್ಬಿದ ನಸುಗುನ್ನಿಯ ಕಾಯಿ ತಾಗಿ ಮೈಯೆಲ್ಲ ಕೆರೆದುಕೊಂಡವರು ಹಳ್ಳಿಗಳಲ್ಲಿ ಬೇಕಷ್ಟಿದ್ದಾರೆ. ತುರಿಸುವುದು ಕಾಯಿಯ ಮೇಲಿನ ಕಂದು ರೋಮ. ಒಳಗಿನ ಬೀಜದಲ್ಲಿ ಎಲ್-ಡೋಪಾ ಇದೆ ಎಂದು ದಾಮೋದರನ್ ಮತ್ತು ರಾಮಸ್ವಾಮಿ ಮದರಾಸಿನಲ್ಲಿ ನಡೆಸಿದ ಕೆಲಸದಿಂದ 1937ರಲ್ಲೇ ತಿಳಿದಿತ್ತು. ಆಯುರ್ವೇದ ಅದಕ್ಕೂ ಎಷ್ಟೋ ಮೊದಲೇ ಈ ಬೀಜವನ್ನು ಬಳಸುತ್ತಿತ್ತು. ಇದು ಹೆಮ್ಮೆಪಡಬೇಕಾದ ಸಂಗತಿಯೇ. ಹಾಗೆಂದು ಬೀಜ ಹುರಿದು ಪುಡಿ ಮಾಡಿ ನುಂಗಲು ಹೊರಡುವುದು ಅಪಾಯ. ಬೀಜದಿಂದ ಬೀಜಕ್ಕೆ ಎಲ್-ಡೋಪಾದ ಪ್ರಮಾಣ ಬದಲಾಗುತ್ತದೆ. ಆಗಲೇ ಮಾತ್ರೆ ತೆಗೆದುಕೊಳ್ಳುವವರಲ್ಲಿ ಅದು ಹತೋಟಿ ಮೀರಬಹುದು. ಕಾಟ್ಜಿಯಾಸ್ ಗೆದ್ದದ್ದು ಪ್ರಮಾಣದ ಶಿಸ್ತಿನಿಂದ ಎಂಬುದನ್ನು ಇಲ್ಲಿ ನೆನೆಯಬೇಕು.

ಕಂಪವಾತದ ರೋಗಿ ಇರುವ ಮನೆಗಳಲ್ಲಿ ಈ ಶಿಸ್ತು ಏನೆಂದು ಚೆನ್ನಾಗಿ ಗೊತ್ತು. ಬೇಳೆ, ಮೊಟ್ಟೆ, ಮಾಂಸದ ಪ್ರೋಟೀನು ಜೀರ್ಣವಾಗಿ ಹುಟ್ಟುವ ಅಮೈನೋ ಆಮ್ಲಗಳೂ ಎಲ್-ಡೋಪಾವೂ ಒಂದೇ ಬಾಗಿಲಿನಿಂದ ಕರುಳು ಮತ್ತು ಮಿದುಳನ್ನು ಹೊಗಬೇಕು. ಹಾಗಾಗಿಯೇ ಊಟಕ್ಕೆ ಅರ್ಧ ಗಂಟೆ ಮೊದಲು ಮಾತ್ರೆ ಎಂದು ವೈದ್ಯರು ಹೇಳುವುದು. ವರ್ಷಗಳು ಕಳೆದಂತೆ ಮಾತ್ರೆಯ ಬಲ ಬೇಗ ಇಳಿಯತೊಡಗುತ್ತದೆ. ಈಗ ಸಲೀಸಾಗಿ ನಡೆಯುತ್ತಿದ್ದವರು ಸ್ವಲ್ಪ ಹೊತ್ತಿಗೆ ಹೊಸ್ತಿಲ ಬಳಿ ಕಾಲು ಅಂಟಿದಂತೆ ನಿಂತುಬಿಡುತ್ತಾರೆ. ಮದ್ದು ಏರಿದಾಗ ಮೈಕೈ ತಾನಾಗಿ ಕುಲುಕುವುದೂ ಉಂಟು. ಏಕೆಂದರೆ ಡೋಪಮೈನ್ ತಯಾರಿಸುವ ಕೋಶಗಳೇ ಸಾಯುತ್ತಿರುತ್ತವೆ, ಎಲ್-ಡೋಪಾ ಆ ಸಾವನ್ನು ತಡೆಯುವುದಿಲ್ಲ. ನಡುಮಿದುಳಿನಲ್ಲಿ ಈ ಕೋಶಗಳು ಇರುವ ಜಾಗ ಆರೋಗ್ಯವಂತರಲ್ಲಿ ಬರಿಗಣ್ಣಿಗೇ ಕಾಣುವ ಕಪ್ಪು ಪಟ್ಟಿ. ಕಂಪವಾತದಲ್ಲಿ ಅದು ಬಿಳಿಚಿಕೊಂಡಿರುತ್ತದೆ. ನಡುಕ ಕಾಣಿಸಿಕೊಳ್ಳುವ ಹೊತ್ತಿಗೆ ಈ ಕೋಶಗಳಲ್ಲಿ ದೊಡ್ಡ ಪಾಲು ಆಗಲೇ ಹೋಗಿಬಿಟ್ಟಿರುತ್ತದೆ. ಅವು ಸಾಯುವುದೇಕೆ ಎಂದು ತಿಳಿಯಲು ಇಂದಿಗೂ ಹಾರ್ನಿಕೀವಿಚ್ ಮಾಡಿದಂತೆ ಮಿದುಳನ್ನೇ ನೋಡಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1995ರಿಂದ ಮಿದುಳು ಬ್ಯಾಂಕ್ ಇದೆ. ದುಃಖದ ಗಳಿಗೆಯಲ್ಲಿ ತಮ್ಮವರ ಮಿದುಳನ್ನು ಸಂಶೋಧನೆಗೆ ಕೊಡಲು ಒಪ್ಪುವ ಕುಟುಂಬಗಳು ಈ ವಿಜ್ಞಾನಕ್ಕೆ ಕೊಡುತ್ತಿರುವುದು ಯಾವ ಪ್ರಯೋಗಾಲಯಕ್ಕೂ ಕಡಿಮೆಯಲ್ಲ.

ಕಾರ್ಲ್‌ಸನ್ ಕಂಪವಾತದಲ್ಲೇ ನಿಲ್ಲಲಿಲ್ಲ. ಗೋಥೆನ್‌ಬರ್ಗ್‌ನಲ್ಲಿ ಪ್ರಾಧ್ಯಾಪಕರಾಗಿದ್ದಾಗ 1963ರಲ್ಲಿ ಲಿಂಡ್‌ಕ್ವಿಸ್ಟ್ ಜೊತೆ ಸೇರಿ, ಸ್ಕಿಜೋಫ್ರೇನಿಯಾಕ್ಕೆ ಕೊಡುವ ಕ್ಲೋರ್‌ಪ್ರೊಮಜಿನ್‌ನಂಥ ಮದ್ದುಗಳು ಸಂದಿನ ಆಚೆ ಬದಿಯಲ್ಲಿ ರಾಸಾಯನಿಕವನ್ನು ಬರಮಾಡಿಕೊಳ್ಳುವ ಗ್ರಾಹಕಗಳನ್ನು ಮುಚ್ಚುತ್ತವೆ ಎಂದು ಸೂಚಿಸಿದರು. ಸುದ್ದಿ ತಲುಪದ ಕಾರಣ ಈಚೆಯ ಕೋಶ ಇನ್ನಷ್ಟು ರಾಸಾಯನಿಕ ಸುರಿಯುತ್ತದೆ, ಆ ಹೆಚ್ಚಳವನ್ನು ಅವರು ಅಳೆದಿದ್ದರು. ಸ್ಕಿಜೋಫ್ರೇನಿಯಾದ ಔಷಧಗಳ ಬಗೆಗಿನ ಮುಂದಿನ ಚಿಂತನೆಗೆ ಇದೇ ಬುನಾದಿ. ಖಿನ್ನತೆಗೆ ಸೆರೊಟೋನಿನ್ ಮರಳಿ ಕೋಶದೊಳಗೆ ಹೋಗದಂತೆ ತಡೆಯುವ ಝಿಮೆಲಿಡಿನ್ ಎಂಬ ಮದ್ದನ್ನು, ಅಲರ್ಜಿಯ ಹಳೆಯ ಔಷಧಿಯೊಂದನ್ನು ಮಾರ್ಪಡಿಸಿ, ಆಸ್ಟ್ರಾ ಕಂಪನಿಯ ರಸಾಯನಶಾಸ್ತ್ರಜ್ಞರೊಂದಿಗೆ ರೂಪಿಸಿದರು. 1982ರಲ್ಲಿ ಅದು ಮಾರುಕಟ್ಟೆಗೆ ಬಂತು. ಕೆಲವರಲ್ಲಿ ನರಗಳನ್ನು ಸೋಲಿಸುವ ಗಿಲ್ಲನ್-ಬಾರೆ ರೋಗ ಕಂಡದ್ದರಿಂದ ಮರುವರ್ಷವೇ ಹಿಂತೆಗೆದುಕೊಂಡರು. ಅದೇ ದಾರಿಯಲ್ಲಿ ಬಂದ ಫ್ಲುಯೊಕ್ಸೆಟಿನ್ ಇಂದು ಜಗತ್ತಿನೆಲ್ಲೆಡೆ ಇದೆ.

2000ದ ವೈದ್ಯಕೀಯ ನೊಬೆಲ್ ಅನ್ನು ಕಾರ್ಲ್‌ಸನ್ ಇಬ್ಬರು ಅಮೆರಿಕನ್ನರೊಂದಿಗೆ ಹಂಚಿಕೊಂಡರು. ಎರಿಕ್ ಕ್ಯಾಂಡೆಲ್ ಸಮುದ್ರದ ಬಸವನಹುಳುವಿನಲ್ಲಿ ನೆನಪು ಹೇಗೆ ಮೂಡುತ್ತದೆಂದು ತೋರಿಸಿದ್ದವರು. ಪಾಲ್ ಗ್ರೀನ್‌ಗಾರ್ಡ್ ಅವರ ಕೆಲಸವಂತೂ ಕಾರ್ಲ್‌ಸನ್ ಕಥೆಯ ಮುಂದುವರಿಕೆಯೇ. ಡೋಪಮೈನ್ ಗ್ರಾಹಕಕ್ಕೆ ತಾಗಿದ ಮೇಲೆ ಕೋಶದೊಳಗೆ ಏನಾಗುತ್ತದೆ ಎಂಬುದನ್ನು ಅವರು ಬಿಡಿಸಿದರು. ಮಿದುಳಿನ ವೇಗದ ಸುದ್ದಿಗಳು ಸೆಕೆಂಡಿನ ಸಾವಿರದಲ್ಲಿ ಒಂದು ಪಾಲಿನಷ್ಟು ಹೊತ್ತಿನಲ್ಲಿ ಮುಗಿಯುತ್ತವೆ. ಡೋಪಮೈನ್‌ನದು ನಿಧಾನದ ಕೆಲಸ, ಸೆಕೆಂಡುಗಳಿಂದ ಗಂಟೆಗಳವರೆಗೆ ಉಳಿಯುವಂಥದು. ಅದು ಕೆರೆಯ ತೂಬಿದ್ದಂತೆ. ನೀರು ತಾನಲ್ಲ, ಆದರೆ ಯಾವ ಕಾಲುವೆಗೆ ಎಷ್ಟು ಹರಿಯಬೇಕೆಂಬುದು ಅದರ ಕೈಯಲ್ಲಿದೆ. ಗ್ರೀನ್‌ಗಾರ್ಡ್ ತಮ್ಮ ಪಾಲಿನ ನೊಬೆಲ್ ಹಣವನ್ನು, ತಮ್ಮನ್ನು ಹೆರುವಾಗ ತೀರಿಕೊಂಡ ತಾಯಿಯ ಹೆಸರಿನಲ್ಲಿ ಮಹಿಳಾ ವಿಜ್ಞಾನಿಗಳಿಗೆ ಪ್ರಶಸ್ತಿ ಸ್ಥಾಪಿಸಲು ಕೊಟ್ಟರು.

ಪಟ್ಟಿಯಲ್ಲಿ ಹಾರ್ನಿಕೀವಿಚ್ ಇರಲಿಲ್ಲ. ಇನ್ನೂರಕ್ಕೂ ಹೆಚ್ಚು ನರವಿಜ್ಞಾನಿಗಳು, ವೈದ್ಯರು ಬಹಿರಂಗ ಪತ್ರ ಬರೆದು ಪ್ರತಿಭಟಿಸಿದರು. ಅವರು ಪ್ರತಿಭಟಿಸಿದ್ದು ಸರಿ. ಮೊಲದಲ್ಲಿ ಕಂಡದ್ದನ್ನು ಮನುಷ್ಯನ ಮಿದುಳಿನಲ್ಲಿ ಕಂಡವರು, ಅದನ್ನು ಚಿಕಿತ್ಸೆಯಾಗಿಸಿದವರು ಹಾರ್ನಿಕೀವಿಚ್. ಮೂವರಿಗಿಂತ ಹೆಚ್ಚು ಮಂದಿಗೆ ಕೊಡುವಂತಿಲ್ಲ ಎಂಬ ನಿಯಮದಿಂದ ಈ ಕೊರತೆ ತುಂಬುವುದಿಲ್ಲ. ಕಾರ್ಲ್‌ಸನ್ 2018ರ ಜೂನ್‌ನಲ್ಲಿ 95ನೇ ವಯಸ್ಸಿನಲ್ಲಿ, ಹಾರ್ನಿಕೀವಿಚ್ 2020ರಲ್ಲಿ ತೀರಿಕೊಂಡರು.

ಕೊನೆಯವರೆಗೂ ಕಾರ್ಲ್‌ಸನ್ ಅವರನ್ನು ಕಾಡಿದ್ದು ಒಂದೇ ಕೊರಗು. ಇದ್ದ ಮದ್ದುಗಳಲ್ಲಿ ಒಂದು ಬಗೆಯವು ಡೋಪಮೈನ್ ಹೆಚ್ಚಿಸುತ್ತವೆ, ಇನ್ನೊಂದು ಬಗೆಯವು ಅದನ್ನು ತಡೆಯುತ್ತವೆ. ಹೆಚ್ಚಿಸಿದರೆ ಕೆಲವರಿಗೆ ಭ್ರಮೆ, ತಡೆದರೆ ಕೆಲವರಿಗೆ ಕಂಪ. ಕಡಿಮೆಯಿದ್ದಲ್ಲಿ ಏರಿಸುವ, ಮಿತಿಮೀರಿದಲ್ಲಿ ಇಳಿಸುವ ಮದ್ದು ಸಾಧ್ಯವಿಲ್ಲವೇ? ನಿವೃತ್ತಿಯ ಬಳಿಕವೂ ಅವರು ಇದರ ಹಿಂದೆಯೇ ಇದ್ದರು. ಮಗಳು ಮಾರಿಯಾ ಕೂಡ ಇದೇ ಕ್ಷೇತ್ರದ ಸಂಶೋಧಕಿ. ಇಂಥ ಒಂದು ಸ್ಥಿರಕಾರಿ ಮದ್ದನ್ನು, ಪಾರ್ಶ್ವವಾಯು ಅಥವಾ ತಲೆಪೆಟ್ಟಿನ ಬಳಿಕ ಮನಸ್ಸಿನ ದಣಿವಿನಿಂದ ನರಳುವವರಿಗೆ ಕೊಟ್ಟು ನೋಡಿದ ಅಧ್ಯಯನವೊಂದು 2012ರಲ್ಲಿ ಪ್ರಕಟವಾಯಿತು. ಲೇಖಕರ ಪಟ್ಟಿಯಲ್ಲಿ ತಂದೆ, ಮಗಳು ಇಬ್ಬರ ಹೆಸರೂ ಇದೆ. ಆಗ ತಂದೆಗೆ 89. ಆ ಮದ್ದು ಇನ್ನೂ ಔಷಧಿ ಅಂಗಡಿಯವರೆಗೆ ಬಂದಿಲ್ಲ.